ಸೈನೈಡ್ ಖಾಲಿ ಡ್ರಮ್ ಗುಜರಿಗೆ ಕೊಡಬಹುದೇ?

ಪಾಳಿ_ಮೇಸ್ತ್ರಿ:
ಚಿನ್ನದ ಅದಿರಿನ ಲೀಚಿಂಗ್ (ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆಯುವ) ವಿಭಾಗ. ಸೋಡಿಯಂ ಸೈನೈಡ್ 50 ಕೆಜಿಯ ಕಬ್ಬಿಣದ ಡ್ರಮ್ಮಿನಲ್ಲಿ ಬರುತ್ತದೆ, ಒಳಗೆ ಪ್ಲಾಸ್ಟಿಕ್ ಚೀಲ. ಸುರಿದಾದ ಮೇಲೆ ಡ್ರಮ್ಮನ್ನು ಬೋರ್‌ವೆಲ್ ನೀರಲ್ಲಿ ಒಂದು ಸಲ ಜಾಲಿಸಿ ಬಯಲಲ್ಲಿ ಪೇರಿಸುತ್ತಾರೆ. ಮಳೆ ಬಿದ್ದರೆ ಅಲ್ಲೆಲ್ಲ ಒಂಥರಾ ಕಹಿ ವಾಸನೆ. ಗುಜರಿಯವರು ದುಂಬಾಲು ಬಿದ್ದಿದ್ದಾರೆ. ಏನು ಮಾಡಬೇಕು?

ಲೀಚ್_ಕೆಮಿಸ್ಟ್:
ಗುಜರಿಗೆ ಖಂಡಿತ ಬೇಡ. ಮೊದಲು ಆ ಜಾಗಕ್ಕೆ ಹಗ್ಗ ಕಟ್ಟಿ ಜನರನ್ನು ದೂರವಿಡಿ. ಆ ವಾಸನೆ ಹೈಡ್ರೋಜನ್ ಸೈನೈಡ್ ಅನಿಲದ್ದು. ಮುಚ್ಚಳದ ಅಂಚಿನ ಮಡಿಕೆಯಲ್ಲಿ ಉಳಿದ ಪುಡಿಗೆ ತೇವ ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿದರೆ ಸಾಕು, ಅದು ಹೊರಡುತ್ತದೆ. ವಾಸನೆ ಇಲ್ಲ ಅಂತ ಧೈರ್ಯವೂ ಬೇಡ, ಕೆಲವರ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ಅನಿಲ ಅಳೆಯುವ ಮೀಟರಿನ ಅಲಾರಂ 4.7 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 4.7 ಭಾಗ) ಇಡಿ.

ಬರಿ ನೀರಿನಲ್ಲಿ ತೊಳೆಯುವುದೇ ತಪ್ಪು. ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) ಇಳಿದಷ್ಟೂ ಅನಿಲ ಹೆಚ್ಚು; 9.3ರ ಆಸುಪಾಸಿನಲ್ಲಿ ಕರಗಿದ ಸೈನೈಡಿನ ಅರ್ಧ ಭಾಗ ಹೈಡ್ರೋಜನ್ ಸೈನೈಡ್ ಆಗಿ ತಿರುಗಿರುತ್ತದೆ. ಲೀಟರ್ ನೀರಿಗೆ 1 ಗ್ರಾಂ ಕಾಸ್ಟಿಕ್ ಸೋಡ ಕರಗಿಸಿಟ್ಟುಕೊಳ್ಳಿ, ಪಿಎಚ್ 12 ದಾಟುತ್ತದೆ. ಡ್ರಮ್ಮಿನ ಹತ್ತನೇ ಒಂದು ಭಾಗದಷ್ಟು ಹಾಕಿ, ಮುಚ್ಚಿ, ಉರುಳಿಸಿ, ತಲೆಕೆಳಗೆ ಮಾಡಿ ಬಸಿಯಿರಿ. ಹೀಗೆ ಮೂರು ಸಲ. ತೊಳೆದ ನೀರು ಸೈನೈಡ್ ಕಲಸುವ ಟ್ಯಾಂಕಿಗೇ ಹೋಗಬೇಕು, ಚರಂಡಿಗಲ್ಲ. ಮುಚ್ಚಳ, ಗ್ಯಾಸ್ಕೆಟ್, ಡ್ರಮ್ಮಿನ ಹೊರಮೈಯನ್ನೂ ತೊಳೆಯಿರಿ. ಎಲ್ಲರೂ ಮರೆಯುವುದು ಅದನ್ನೇ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಮುಚ್ಚಿದ ಕನ್ನಡಕ, ಜೊತೆಗೆ ಇನ್ನೊಬ್ಬ ಇರಲೇಬೇಕು.

ಗಣಿ_ಹಳಬ:
ಬ್ಲೀಚಿಂಗ್ ಪುಡಿ ಉದುರಿಸಿದರೆ ವಿಷ ಸಾಯುತ್ತದಲ್ಲ?

ಲೀಚ್_ಕೆಮಿಸ್ಟ್:
ಗಟ್ಟಿ ಸೈನೈಡಿನ ಮೇಲೆ ನೇರವಾಗಿ ಹಾಕಬೇಡಿ, ಬಿಸಿಯೇರುತ್ತದೆ. ಪಿಎಚ್ ಕಡಿಮೆಯಿದ್ದರೆ ಸೈನೋಜನ್ ಕ್ಲೋರೈಡ್ ಅನ್ನುವ ಇನ್ನೊಂದು ವಿಷಾನಿಲ ಏಳುತ್ತದೆ. ಚೆಲ್ಲಿದ್ದನ್ನು ಒಣಗಿದ್ದಾಗಲೇ ಬಳಿದು ಡಬ್ಬಿಗೆ ತುಂಬಿ ಟ್ಯಾಂಕಿಗೆ ಕಳಿಸಿ. ಉಳಿದ ಕಲೆಗಷ್ಟೇ ಹೈಪೋಕ್ಲೋರೈಟ್ (ಬ್ಲೀಚಿಂಗ್ ದ್ರಾವಣ), ಅದೂ ಕಾಸ್ಟಿಕ್ ಹಾಕಿದ ಮೇಲೆ.

ಸೇಫ್ಟಿ_ಡೆಸ್ಕ್:
ತೊಳೆದ ಡ್ರಮ್ಮಿಗೆ ತೂತು ಹೊಡೆದು ಚಪ್ಪಟೆ ಮಾಡಿ. ಇಲ್ಲದಿದ್ದರೆ ಯಾರದೋ ಮನೆಯಲ್ಲಿ ನೀರಿನ ಹಂಡೆಯಾಗುತ್ತದೆ. ಗ್ಯಾಸ್ ಕಟರ್ ಹಚ್ಚಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ರಾಸಾಯನಿಕ ಅಂಟಿದ ಬ್ಯಾರಲ್, ಲೈನರ್‌ಗಳು ಅನುಸೂಚಿ 1ರ 33.1ಕ್ಕೆ ಬರುತ್ತವೆ. 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧಿಕೃತ ಘಟಕಕ್ಕೆ ನಮೂನೆ 10ರ ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಣೆ ಪತ್ರ) ಜೊತೆಗೇ ಸಾಗಿಸಿ. ಅಲ್ಲಿಯವರೆಗೆ ಸೂರಿನಡಿ, ಆಸಿಡ್ ಮತ್ತು ನೈಟ್ರೇಟ್‌ಗಳಿಂದ ದೂರ. ಅಲ್ಲಿ ಇಂಗಾಲದ ಡೈಆಕ್ಸೈಡ್ ಬೆಂಕಿ ಆರಿಸುವ ಸಿಲಿಂಡರ್ ಇದ್ದರೆ ಬದಲಿಸಿ.

ಪಾಳಿ_ಮೇಸ್ತ್ರಿ:
ಒಳಗಿನ ಚೀಲ?

ಸೇಫ್ಟಿ_ಡೆಸ್ಕ್:
ಅದಕ್ಕೂ ಮೂರು ತೊಳೆತ, ಆಮೇಲೆ ಉದ್ದಕ್ಕೆ ಸೀಳಿ ಡ್ರಮ್ಮಿನ ಜೊತೆಗೇ ಕಳಿಸಿ. ಸೀಳದಿದ್ದರೆ ಮಳೆಗಾಲದಲ್ಲಿ ಯಾರೋ ಕೊಪ್ಪೆ ಮಾಡಿಕೊಂಡು ತಲೆಗೆ ಹೊದ್ದಿರುತ್ತಾರೆ.