ಬೆಂಕಿ ನಂದಿಸುವ ರೋಬೋಟ್‌ನಲ್ಲಿ ನೀರಿನ ಟ್ಯಾಂಕ್ ಎಷ್ಟು ದೊಡ್ಡದಿರಬೇಕು?

ಅಂತಿಮ ವರ್ಷದವನು:
ನಾವು ನಾಲ್ವರು ಸೇರಿ ಕಾಲೇಜಿನ ಪ್ರಾಜೆಕ್ಟ್‌ಗೆ ಬೆಂಕಿ ನಂದಿಸುವ ರೋಬೋಟ್ ಮಾಡುತ್ತಿದ್ದೇವೆ. ಜ್ವಾಲೆ ಗುರುತಿಸುವ ಸೆನ್ಸರ್, ಐದು ಲೀಟರ್ ಟ್ಯಾಂಕ್, ಚಿಕ್ಕ ಪಂಪ್, ನಾಲ್ಕು ಚಕ್ರ, ವೈ-ಫೈ ನಿಯಂತ್ರಣ ಇವೆ. ಮೇಜಿನ ಮೇಲಿನ ಮೇಣದಬತ್ತಿಯನ್ನು ಚೆನ್ನಾಗಿಯೇ ಆರಿಸುತ್ತದೆ. ನಿಜವಾದ ಬೆಂಕಿಗೆ ಟ್ಯಾಂಕ್ ದೊಡ್ಡದು ಮಾಡೋಣವೆಂದರೆ ಮೋಟರ್ ಎಳೆಯುವುದಿಲ್ಲ. ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ನಿವೃತ್ತ ಫೈರ್‌ಮ್ಯಾನ್:
ಮೊದಲು ಆ ಟ್ಯಾಂಕನ್ನು ಕಿತ್ತು ಪಕ್ಕಕ್ಕಿಡಿ. ನಾವು ಹಿಡಿಯುತ್ತಿದ್ದ ಒಂದು ಹೋಸ್‌ನಿಂದ ನಿಮಿಷಕ್ಕೆ ನೂರಾರು ಲೀಟರ್ ನೀರು ಹೋಗುತ್ತದೆ. ನಿಮ್ಮ ಐದು ಲೀಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ನೀರು ಹೊರಗಿನ ಪಂಪ್‌ನಿಂದಲೇ ಬರಬೇಕು, ಅಂದರೆ ರೋಬೋಟ್ ಹೋಸ್ ಎಳೆಯಬೇಕು.

ಕಷ್ಟ ಇರುವುದು ಅಲ್ಲಿಯೇ. 63 ಮಿ.ಮೀ. ಹೋಸ್‌ನಲ್ಲಿ ಮೀಟರಿಗೆ ಮೂರು ಲೀಟರಿಗೂ ಮಿಕ್ಕಿ ನೀರು ನಿಲ್ಲುತ್ತದೆ. ಮೂವತ್ತು ಮೀಟರ್ ಬಿಚ್ಚಿದರೆ ನೀರಿನ ತೂಕವೇ ತೊಂಬತ್ತು ಕಿಲೋ ದಾಟುತ್ತದೆ. ಒತ್ತಡ ಏರಿದ ಹೋಸ್ ಮರದ ಕೊರಡಿನಂತೆ ಸೆಟೆದುಕೊಳ್ಳುತ್ತದೆ. ಬಾಗಿಲಿನ ಚೌಕಟ್ಟಿಗೆ ತಾಗಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಅದಕ್ಕೇ ಪ್ರತಿ ತಿರುವಿನಲ್ಲೂ ನಮ್ಮವನೊಬ್ಬ ಮಂಡಿಯೂರಿ ಕುಳಿತು ಹೋಸನ್ನು ಬಿಡಿಸಿ ಬಿಡಿಸಿ ಒಳಕ್ಕೆ ಕೊಡುತ್ತಿದ್ದ. ಜಾಹೀರಾತಿನ ವೀಡಿಯೋಗಳಲ್ಲಿ ಈ ಮನುಷ್ಯನನ್ನು ತೋರಿಸುವುದೇ ಇಲ್ಲ.

2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿಗೆ ಬೆಂಕಿ ಬಿದ್ದು ಗೋಪುರದ ಶಿಖರ ಕುಸಿಯಿತು. ಒಳಗಿದ್ದ ಸಿಬ್ಬಂದಿಯನ್ನು ಹಿಂದಕ್ಕೆ ಕರೆಸಿ ಕೊಲೋಸಸ್ ಎಂಬ ರೋಬೋಟನ್ನು ಕಳುಹಿಸಿದರು. ಅದರ ತೂಕ ಸುಮಾರು 500 ಕಿಲೋ. ಅಷ್ಟು ಭಾರವಿದ್ದುದರಿಂದಲೇ ಹೋಸ್ ಎಳೆದುಕೊಂಡು ಹೋಯಿತು, ಆದರೆ ಅಂಥದ್ದನ್ನು ಇಕ್ಕಟ್ಟಾದ ಮನೆಯೊಳಗೆ ಒಯ್ಯುವುದು ಕಷ್ಟ. ನನ್ನ ಮಟ್ಟಿಗೆ ರೋಬೋಟ್ ಬೇಕಾಗುವುದು ಹೀಗೆ ಜನರನ್ನು ಒಳಗೆ ಬಿಡಲಾಗದ ಹೊತ್ತಿನಲ್ಲಿ. ವೆಲ್ಡಿಂಗ್‌ಗೆ ಬಳಸುವ ಅಸಿಟಿಲೀನ್ ಅನಿಲದ ಬಿಸಿಯೇರಿದ ಸಿಲಿಂಡರನ್ನೇ ನೋಡಿ: ಬೆಂಕಿ ಆರಿದ ಮೇಲೂ ಗಂಟೆಗಟ್ಟಲೆ ನೀರು ಹಾಯಿಸುತ್ತಲೇ ಇರಬೇಕು, ಯಾವಾಗ ಸಿಡಿಯುತ್ತದೋ ಹೇಳಲಾಗದು. ಅಂಥ ಕಡೆ ಯಂತ್ರ ನಿಂತು ನೀರು ಹಾಯಿಸಿದರೆ ಸಾಕು, ಬುದ್ಧಿವಂತಿಕೆ ಬೇಕಿಲ್ಲ.

ಸರ್ಕಿಟ್ ಹುಳು:
ಹೋಸ್ ಸಮಸ್ಯೆ ಒಪ್ಪಿದೆ. ಆದರೆ ಅದಕ್ಕಿಂತ ಮೊದಲು ವೈ-ಫೈ ಕೈಕೊಡುತ್ತದೆ. ಕಾಂಕ್ರೀಟ್ ಮತ್ತು ಉಕ್ಕಿನ ಎರಡು ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸೊರಗಿಹೋಗುತ್ತದೆ. ಕೇಬಲ್ ಹಾಕಿದರೆ ಬೇರೆಯದೇ ಫಜೀತಿ. 2011ರಲ್ಲಿ ಜಪಾನಿನ ದುರಂತಕ್ಕೀಡಾದ ಫುಕುಶಿಮಾ ಅಣು ಸ್ಥಾವರದೊಳಗೆ ಹೋದ ಕ್ವಿನ್ಸ್ ರೋಬೋಟ್ ಕೇಬಲ್ ತೊಂದರೆಯಿಂದ ಸಂಪರ್ಕ ಕಳೆದುಕೊಂಡು ಅಲ್ಲೇ ಉಳಿಯಿತು. ಇನ್ನು ಕ್ಯಾಮೆರಾ: ದಟ್ಟ ಹೊಗೆಯಲ್ಲಿ ಮಾಮೂಲಿ ಕ್ಯಾಮೆರಾ ಕುರುಡು, ದೂರ ಅಳೆಯುವ ಲೇಸರ್ ಕಿರಣವೂ ಚದುರಿಹೋಗುತ್ತದೆ. ಶಾಖವನ್ನು ಗುರುತಿಸುವ ಥರ್ಮಲ್ ಕ್ಯಾಮೆರಾ ಕೆಲಸಕ್ಕೆ ಬರುತ್ತದೆ, ಆದರೆ ಅದು ಗಾಜಿನಾಚೆಗೆ ನೋಡಲಾರದು. ಗಾಜಿನ ಬಾಗಿಲಲ್ಲಿ ಪ್ರತಿಫಲಿಸಿದ ತನ್ನದೇ ಶಾಖವನ್ನು ಬೇರೆ ಯಾರೋ ಎಂದುಕೊಳ್ಳಬಹುದು.

ಅಂತಿಮ ವರ್ಷದವನು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ನಂದಿಸುವುದನ್ನು ಬಿಟ್ಟು, ಒಳಗೆ ಸಿಲುಕಿದವರನ್ನು ಹೊರಗೆ ತರುವ ರೋಬೋಟ್ ಮಾಡಬಹುದೇ?

ನಿವೃತ್ತ ಫೈರ್‌ಮ್ಯಾನ್:
ಹೊರಗೆ ತರುವುದು ಬೇಡ, ಹುಡುಕುವುದಷ್ಟೇ ಮಾಡಿ. ಪ್ರಜ್ಞೆ ತಪ್ಪಿದವರನ್ನು ಕುತ್ತಿಗೆ, ಬೆನ್ನುಮೂಳೆಗೆ ಪೆಟ್ಟಾಗದಂತೆ ಎಳೆಯುವುದು ನುರಿತವರಿಗೇ ಕಷ್ಟ. 2001ರಲ್ಲಿ ನ್ಯೂಯಾರ್ಕಿನ ಅವಳಿ ಕಟ್ಟಡಗಳ ಅವಶೇಷದಲ್ಲಿ ಮನುಷ್ಯರೂ ನಾಯಿಗಳೂ ನುಗ್ಗಲಾಗದ ಸಂದುಗಳಿಗೆ ಪುಟ್ಟ ರೋಬೋಟ್‌ಗಳನ್ನು ಇಳಿಸಿದ್ದರು. ಜೀವಂತವಾಗಿದ್ದವರು ಅವುಗಳಿಗೆ ಸಿಗಲಿಲ್ಲ, ನಿಜ. ಆದರೂ ಸಂದಿನೊಳಗೆ ಏನಿದೆಯೆಂದು ಹೊರಗೆ ನಿಂತೇ ನೋಡಲು ಸಾಧ್ಯವಾಯಿತು.

ಇನ್ನೊಂದು ಮಾತು. ನೀವು ಬೆಂಕಿಯ ಬಗ್ಗೆಯೇ ಯೋಚಿಸುತ್ತಿದ್ದೀರಿ, ನೀರಿನ ಬಗ್ಗೆ ಅಲ್ಲ. 2010ರಲ್ಲಿ ನ್ಯೂಜಿಲೆಂಡಿನ ಪೈಕ್ ರಿವರ್ ಗಣಿ ಸ್ಫೋಟಗೊಂಡಾಗ ಒಳಗೆ ಕಳುಹಿಸಿದ ಸೇನೆಯ ರೋಬೋಟ್ 550 ಮೀಟರ್ ಹೋಗಿ, ಮೇಲಿಂದ ಬಿದ್ದ ನೀರಿಗೆ ಕೆಟ್ಟು ನಿಂತಿತು. ಉರಿಯುವ ಕೋಣೆಯಲ್ಲಂತೂ ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಹಬೆಯಾಗುತ್ತದೆ. ಆ ಹಬೆ ಸಣ್ಣ ಸಂದನ್ನೂ ಬಿಡುವುದಿಲ್ಲ. ಸರ್ಕಿಟ್ ಪೆಟ್ಟಿಗೆಯ ರಬ್ಬರ್ ಸೀಲ್, ವೈರ್ ಒಳಹೋಗುವ ತೂತು, ಇವುಗಳನ್ನು ಮೊದಲು ಪರೀಕ್ಷಿಸಿ.

ಸರ್ಕಿಟ್ ಹುಳು:
ಹುಡುಕುವ ರೋಬೋಟ್‌ಗೆ ಚಕ್ರ ತೆಗೆದು ಸೇನೆಯ ಟ್ಯಾಂಕಿಗಿರುವಂಥ ಉರುಳುವ ಪಟ್ಟಿ ಹಾಕುವುದಾದರೆ ಮೋಟರನ್ನೂ ಬದಲಿಸಬೇಕಾಗುತ್ತದೆ. ಈಗಿನದರ ಟಾರ್ಕ್, ಅಂದರೆ ತಿರುಗಿಸುವ ಬಲ, ಎಷ್ಟು? ಬ್ಯಾಟರಿ ಎಷ್ಟು ವೋಲ್ಟಿನದು ಎಂಬುದನ್ನೂ ಬರೆಯಿರಿ, ಲೆಕ್ಕ ಹಾಕೋಣ.