ಬ್ಯಾಕ್‌ಗ್ರೌಂಡ್ ಕಳೆದ ಮೇಲೆ ± ಎಷ್ಟು ಬರೆಯಬೇಕು?

ಪ್ರಶ್ನೆ

ಪೊಟ್ಯಾಸಿಯಂ ಕ್ಲೋರೈಡ್ ಪುಡಿಯಲ್ಲಿರುವ ವಿಕಿರಣಶೀಲ ಪೊಟ್ಯಾಸಿಯಂ-40 ಅನ್ನು ಗೈಗರ್ ಕೌಂಟರಿನಲ್ಲಿ (ವಿಕಿರಣ ಎಣಿಸುವ ಉಪಕರಣ) ಅಳೆಯುತ್ತಿದ್ದೇನೆ. ಟ್ಯೂಬಿನ ಕೆಳಗೆ ಪುಡಿ ಇಟ್ಟು 10 ನಿಮಿಷ ಎಣಿಸಿದಾಗ 312 ಬಂತು. ಪುಡಿ ತೆಗೆದು ಮತ್ತೆ 10 ನಿಮಿಷ ಬಿಟ್ಟರೆ 248. ಇದು ಬ್ಯಾಕ್‌ಗ್ರೌಂಡ್, ಅಂದರೆ ಪುಡಿ ಇಲ್ಲದಿದ್ದರೂ ಬರುವ ಎಣಿಕೆ. ಕಳೆದರೆ 64, ಅದರ ವರ್ಗಮೂಲ 8. ನಿಮಿಷಕ್ಕೆ 6.4 ± 0.8 ಅಂತ ಬರೆದುಕೊಂಡೆ. ಮಾರನೇ ದಿನ ಅದೇ ಪುಡಿ, ಅದೇ ಜಾಗ, ಬಂದದ್ದು 3.1! ಟ್ಯೂಬ್ ಕೆಟ್ಟಿದೆಯಾ? ಎರಡು ದಿನದಿಂದ ಇದೇ ಯೋಚನೆ.

ಉತ್ತರ 1

ಟ್ಯೂಬ್ ಚೆನ್ನಾಗಿಯೇ ಇದೆ. ವರ್ಗಮೂಲ ತೆಗೆದ ಜಾಗ ತಪ್ಪು. ಎಣಿಕೆಯ ವರ್ಗಮೂಲವೇ ಅದರ ಸಹಜ ಏರಿಳಿತ (±) ಅನ್ನುವ ನಿಯಮ ಕೌಂಟರ್ ನಿಜವಾಗಿ ಎಣಿಸಿದ ಸಂಖ್ಯೆಗೆ ಮಾತ್ರ. 64 ಅನ್ನು ಕೌಂಟರ್ ಎಣಿಸಿಲ್ಲ, ನೀವು ಕಳೆದು ಪಡೆದಿದ್ದೀರಿ. 312 ಕೂಡ ಏರಿಳಿಯುತ್ತದೆ, 248 ಕೂಡ. ಎಣಿಕೆಯನ್ನು ಕಳೆಯುತ್ತೇವೆ, ಆದರೆ ಏರಿಳಿತ ಕೂಡಿಕೊಳ್ಳುತ್ತದೆ. 312 + 248 = 560, ವರ್ಗಮೂಲ ಸುಮಾರು 24. ಹಾಗಾಗಿ 6.4 ± 2.4 ಅಂತ ಬರೆಯಿರಿ. ಆ 3.1ಕ್ಕೂ ಹೆಚ್ಚುಕಡಿಮೆ ಇಷ್ಟೇ ±. ಎರಡು ದಿನಗಳ ನಡುವೆ 3.3 ವ್ಯತ್ಯಾಸ ಬರುವುದು ತೀರಾ ಸಹಜ.

ಪ್ರಶ್ನೆ ಕೇಳಿದವರು

ಹಾಗಾದ್ರೆ ಬ್ಯಾಕ್‌ಗ್ರೌಂಡ್ ಒಂದನ್ನೇ ರಾತ್ರಿಯಿಡೀ ಎಣಿಸಿಟ್ಟುಕೊಂಡರೆ ಸಾಕಲ್ವಾ?

ಉತ್ತರ 1

ಸಾಲದು. 8 ಗಂಟೆ ಎಣಿಸಿದರೆ ಬ್ಯಾಕ್‌ಗ್ರೌಂಡಿನ ± ನಿಮಿಷಕ್ಕೆ 0.23ಕ್ಕೆ ಇಳಿಯುತ್ತದೆ, ನಿಜ. ಆದರೆ ಪುಡಿಯ 10 ನಿಮಿಷದ 312 ಹಾಗೇ ಉಳಿಯಿತಲ್ಲ? ಅದರದ್ದೇ 1.77. ಒಟ್ಟು 1.8ಕ್ಕಿಂತ ಕೆಳಗೆ ಬರುವುದಿಲ್ಲ. ನಿಮ್ಮ ಸ್ಯಾಂಪಲ್ಲಿನಂತೆ ಬ್ಯಾಕ್‌ಗ್ರೌಂಡಿಗಿಂತ ಸ್ವಲ್ಪವೇ ಜಾಸ್ತಿ ಇದ್ದಾಗ ಎರಡಕ್ಕೂ ಸಮನಾಗಿ ಸಮಯ ಕೊಡಿ.

ಉತ್ತರ 2

ಇನ್ನೊಂದು ಮಾತು. ಬ್ಯಾಕ್‌ಗ್ರೌಂಡ್ ಎಣಿಸುವಾಗ ಖಾಲಿ ತಟ್ಟೆ ಅದೇ ಜಾಗದಲ್ಲಿ ಇರಲಿ. ಪುಡಿ, ಖಾಲಿ, ಪುಡಿ, ಖಾಲಿ ಅಂತ ಅದಲುಬದಲು ಮಾಡಿ. ಮುಚ್ಚಿದ ಕೋಣೆಯಲ್ಲಿ ರೇಡಾನ್ ಎಂಬ ವಿಕಿರಣಶೀಲ ಅನಿಲ ಏರುತ್ತದೆ, ಕಿಟಕಿ ತೆಗೆದರೆ ಇಳಿಯುತ್ತದೆ. ಆ ವ್ಯತ್ಯಾಸ ಯಾವ ವರ್ಗಮೂಲದಲ್ಲೂ ಕಾಣುವುದಿಲ್ಲ. ನಾನು ಇದನ್ನು ಗಮನಿಸದೆ ಒಂದು ವಾರದ ರೀಡಿಂಗ್ ಪೂರ್ತಿ ಬಿಸಾಡಿದ್ದೇನೆ.

ಪ್ರಶ್ನೆ ಕೇಳಿದವರು

ಹತ್ತತ್ತು ನಿಮಿಷಕ್ಕೆ ತಟ್ಟೆ ಬದಲಿಸುತ್ತಾ ಒಟ್ಟು ಒಂದೊಂದು ಗಂಟೆ ಎಣಿಸಿದೆ. ಪುಡಿ 1851, ಖಾಲಿ ತಟ್ಟೆ 1476. ಕಳೆದರೆ 375 ± 58, ಅಂದರೆ ನಿಮಿಷಕ್ಕೆ 6.2 ± 1.0. ಈ ಸಲ ± ಬರೆಯುವಾಗ ಕೈ ನಡುಗಲಿಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.