ಸೆಕೆಂಡ್ ಹ್ಯಾಂಡ್ ಕಾಫ್ ಮೆಷಿನ್: ನಿಂತು ಮಾಡುವುದಾ, ಕೂತು ಮಾಡುವುದಾ? ತಗೊಂಡವರು ಹೇಳಿ

ಕೇಳಿದವರು, ಚಿಕ್ಕಮಗಳೂರು

ಮನೆ ಹಿಂದಿನ ಶೀಟಿನ ರೂಮಿನಲ್ಲಿ ಸಣ್ಣ ಜಿಮ್ ಮಾಡಿಕೊಂಡಿದ್ದೇನೆ. ರಾಡು, ಬೆಂಚು, 90 ಕೆಜಿ ಪ್ಲೇಟು ಇವೆ. ಎದೆ, ತೋಳು ಪರವಾಗಿಲ್ಲ. ಮೀನಖಂಡ ಮಾತ್ರ ಕಡ್ಡಿ ಹಾಗೇ ಇದೆ. ಚಡ್ಡಿ ಹಾಕಿಕೊಂಡು ಅಂಗಳಕ್ಕೆ ಬಂದರೆ ಹೆಂಡತಿಯೇ ನಗುತ್ತಾಳೆ. ಹಾಸನದಲ್ಲಿ ಮುಚ್ಚುತ್ತಿರುವ ಒಂದು ಜಿಮ್‌ನವರು ಎರಡು ಕಾಫ್ ಮೆಷಿನ್, ಅಂದರೆ ಹಿಮ್ಮಡಿ ಎತ್ತಿ ಮೀನಖಂಡ ಬೆಳೆಸುವ ಮೆಷಿನ್, ಮಾರುತ್ತಿದ್ದಾರೆ. ನಿಂತು ಮಾಡುವುದು, ತೂಕದ ಸ್ಟ್ಯಾಕ್ (ಪಿನ್ ಹಾಕಿ ತೂಕ ಆರಿಸುವ ಬಿಲ್ಲೆಗಳ ಸಾಲು) ಇರುವುದು, 26 ಸಾವಿರ. ಕೂತು ಮಾಡುವುದು, ಪ್ಲೇಟ್ ಹಾಕುವುದು, 9 ಸಾವಿರ. ಯಾವುದು ತರಲಿ? ನೋಡುವಾಗ ಏನು ಗಮನಿಸಬೇಕು?

ಸಾಲಗಾಮೆ ರಸ್ತೆ, ಹಾಸನ

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ ಸರ್. ರೇಟು ಕಡಿಮೆ, ಜಾಗವೂ ಕಡಿಮೆ ಅಂತ ನಾನು ಕೂತು ಮಾಡುವುದನ್ನೇ ತಂದೆ. ಒಂದೂವರೆ ವರ್ಷ ಬಿಡದೆ ಮಾಡಿದೆ. ಕಾಲು ಗಟ್ಟಿಯಾಯಿತು, ಸುಳ್ಳು ಹೇಳಬಾರದು. ಆದರೆ ಹಿಂದಿನಿಂದ ಕಾಣುವ ಆ ಉಬ್ಬು ಬರಲೇ ಇಲ್ಲ.

ಕಾರಣ ಆಮೇಲೆ ತಿಳಿಯಿತು. ಮೀನಖಂಡದಲ್ಲಿ ಮುಖ್ಯವಾಗಿ ಎರಡು ಸ್ನಾಯು. ಮೇಲೆ ಉಬ್ಬಿ ಕಾಣುವುದು ಗ್ಯಾಸ್ಟ್ರೋಕ್ನೀಮಿಯಸ್. ಅದರಡಿ ಚಪ್ಪಟೆಯಾಗಿ ಇರುವುದು ಸೋಲಿಯಸ್. ಮೇಲಿನದು ಮಂಡಿ ದಾಟಿ ತೊಡೆ ಮೂಳೆಗೆ ಅಂಟಿಕೊಂಡಿದೆ. ಮಂಡಿ ಮಡಚಿ ಕೂತರೆ ಅದು ಸಡಿಲವಾಗುತ್ತದೆ, ಹೆಚ್ಚಿನ ಕೆಲಸ ಸೋಲಿಯಸ್ ತಲೆಗೆ ಬೀಳುತ್ತದೆ. 2023ರಲ್ಲಿ ಜಪಾನಿನವರ ಒಂದು ಅಧ್ಯಯನ ಬಂತು. 14 ಜನ, 12 ವಾರ. ಒಂದು ಕಾಲಿಗೆ ನಿಂತು ಮಾಡಿಸಿದರು, ಇನ್ನೊಂದು ಕಾಲಿಗೆ ಕೂತು. ನಿಂತ ಕಾಲಿನಲ್ಲಿ ಗ್ಯಾಸ್ಟ್ರೋಕ್ನೀಮಿಯಸ್‌ನ ಹೊರಭಾಗ ಶೇ. 12ರಷ್ಟು ಬೆಳೆದಿತ್ತು. ಕೂತ ಕಾಲಿನಲ್ಲಿ ಶೇ. 2 ಕೂಡ ಇಲ್ಲ. ಸೋಲಿಯಸ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ.

ಅದಕ್ಕೇ ಹೇಳುವುದು, ಒಂದೇ ತರುವುದಾದರೆ ನಿಂತು ಮಾಡುವುದನ್ನೇ ತನ್ನಿ. ನನ್ನದು ಈಗ ವರಾಂಡದಲ್ಲಿದೆ. ಅಮ್ಮ ಅದರ ಮೇಲೆ ಹಪ್ಪಳ ಒಣಗಿಸುತ್ತಾರೆ.

ಬಸವನಹಳ್ಳಿ, ಚಿಕ್ಕಮಗಳೂರು

ಕೂತು ಮಾಡುವುದನ್ನು ಅಷ್ಟು ಹೀಗಳೆಯಬೇಡಿ ಅಣ್ಣ. ನಾನು ಓಡುವವಳು, ವಾರಕ್ಕೆ ಮೂರು ದಿನ ಏರುದಾರಿ. ಓಟದಲ್ಲಿ ಸೋಲಿಯಸ್ ಮೇಲೆ ಬೀಳುವ ಹೊರೆ ಜಾಸ್ತಿ. ನನಗೆ ಬೇಕಾದದ್ದು ಉಬ್ಬಲ್ಲ, ಇಳಿಜಾರಿನಲ್ಲಿ ಕೈಕೊಡದ ಕಾಲು. ಪ್ರಶ್ನೆ ಕೇಳಿದವರಿಗೆ ಚಡ್ಡಿಯ ಚಿಂತೆ, ಅದು ಬೇರೆ ವಿಷಯ!

ಒಂದು ಮಾತು. ಯಾವುದೇ ತಂದರೂ ಮೊದಲ ದಿನವೇ ತೂಕ ಏರಿಸಬೇಡಿ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಹುರಿ ಇದೆಯಲ್ಲ, ಅಕಿಲಿಸ್, ಅದು ಸ್ನಾಯುವಿನಷ್ಟು ಬೇಗ ಗಟ್ಟಿಯಾಗುವುದಿಲ್ಲ. ನಾನು ಆತುರಪಟ್ಟು ಎರಡು ತಿಂಗಳು ಕುಂಟಿದ್ದೇನೆ.

ಕೈಗಾರಿಕಾ ಪ್ರದೇಶ, ಹಾಸನ

ನನ್ನದು ವೆಲ್ಡಿಂಗ್ ವರ್ಕ್‌ಶಾಪ್. 2020ರ ಲಾಕ್‌ಡೌನ್ ಆದಮೇಲೆ ಜಿಮ್ ಮೆಷಿನ್ ರಿಪೇರಿಗೆ ಬರುವುದು ಜಾಸ್ತಿಯಾಯಿತು. ಅಲ್ಲಿ ಕಂಡದ್ದು ಹೇಳುತ್ತೇನೆ.

ಹೊಸ ಪೇಂಟ್ ಹೊಡೆದಿದ್ದರೆ ಖುಷಿಪಡಬೇಡಿ, ಅನುಮಾನಪಡಿ. ಮೊಬೈಲ್ ಟಾರ್ಚ್ ಹಾಕಿ ಬೆಸುಗೆ ಹಾಕಿದ ಮೂಲೆಗಳನ್ನು ನೋಡಿ. ಕೂದಲೆಳೆಯ ಬಿರುಕು ಪೇಂಟಿನ ಮೇಲೂ ಗೆರೆಯಾಗಿ ಕಾಣಬಹುದು. ಬಿರುಕು ಮುಚ್ಚಲು ಪುಟ್ಟಿ ಮೆತ್ತಿದ್ದರೆ ಉಗುರಲ್ಲಿ ಕೆರೆದರೆ ಪುಡಿ ಬರುತ್ತದೆ.

ಆಮೇಲೆ ತಿರುಗುವ ಜಾಗ. ತೂಕ ಹಾಕದೆ ಭುಜದ ಪ್ಯಾಡ್ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಟಕ್ ಟಕ್ ಅಂತ ಆಡಿದರೆ ಬುಷ್ (ತಿರುಗುವ ತೂತಿನೊಳಗಿನ ಕೊಳವೆ) ಅಥವಾ ಬೇರಿಂಗ್ ಹೋಗಿದೆ. ಬೇರಿಂಗ್ ಆದರೆ ಹೆದರಬೇಡಿ. 6204, 6205 ಅಂತ ಅಂಚಿನಲ್ಲೇ ನಂಬರ್ ಇರುತ್ತದೆ. ಒಳತೂತು ಮೊದಲನೆಯದಕ್ಕೆ 20 ಎಂಎಂ, ಎರಡನೆಯದಕ್ಕೆ 25. ಮೋಟರ್ ಸಾಮಾನು ಮಾರುವ ಯಾವ ಅಂಗಡಿಯಲ್ಲೂ ಸಿಗುತ್ತದೆ. ಬುಷ್ ಕೂತ ತೂತೇ ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಲೇತ್ ಕೆಲಸ, ಆಗ ಸುಮ್ನೆ ಬಿಟ್ಟು ಬನ್ನಿ.

ಸ್ಟ್ಯಾಕ್ ಮೆಷಿನ್ ಆದರೆ ಕೇಬಲ್ ಪೂರ್ತಿ ನೋಡಬೇಕು. ಪ್ಲಾಸ್ಟಿಕ್ ಹೊದಿಕೆ ಎಲ್ಲಿ ಒಡೆದಿದೆ, ಎಲ್ಲಿ ಊದಿದೆ ಅಂತ ಬಟ್ಟೆ ಸುತ್ತಿಕೊಂಡು ಸವರಿ. ಬರಿಗೈ ಬೇಡ, ಒಂದು ಎಳೆ ಕಿತ್ತಿದ್ದರೂ ಸೂಜಿ ಹಾಗೆ ಚುಚ್ಚುತ್ತದೆ. ಕೇಬಲ್ ಹೆಚ್ಚಾಗಿ ಹೋಗುವುದು ನಡುವೆ ಅಲ್ಲ, ತುದಿಯ ಕ್ಲಾಂಪ್ ಹತ್ತಿರ ಮತ್ತು ರಾಟೆ ಮೇಲೆ ಬಾಗುವ ಕಡೆ.

ಇನ್ನೊಂದನ್ನು ಯಾರೂ ನೋಡುವುದಿಲ್ಲ. ಸ್ಟ್ಯಾಕಿನ ತಲೆ ಮೇಲೇ ರಾಟೆ ಕೂತಿದ್ದು, ಕೇಬಲ್ ಅದನ್ನು ಸುತ್ತಿ ಹೋಗಿದ್ದರೆ ನಿಮಗೆ ಸಿಗುವುದು ಅರ್ಧ ತೂಕ. 100 ಕೆಜಿಗೆ ಪಿನ್ ಹಾಕಿದರೂ ಕೇಬಲ್ ಎಳೆಯುವುದು 50. ಕೈಗೆ ಮಾಡುವ ಮೆಷಿನ್‌ನಲ್ಲಿ ಪರವಾಗಿಲ್ಲ. ದಿನವಿಡೀ ಮೈಭಾರ ಹೊರುವ ಮೀನಖಂಡಕ್ಕೆ ಅದು ಸಾಕಾಗುವುದಿಲ್ಲ.

ಪ್ಲೇಟ್ ಹಾಕುವ ಮೆಷಿನ್ ಆದರೆ ನಿಮ್ಮ ಮನೆಯ ಒಂದು ಪ್ಲೇಟ್ ಜೊತೆಗೆ ಒಯ್ಯಿರಿ. ಜಿಮ್‌ನವರ ಮೆಷಿನ್ 50 ಎಂಎಂ ತೂತಿನ ಪ್ಲೇಟಿಗೆ ಮಾಡಿದ್ದಿರಬಹುದು, ಮನೆಯ ಪ್ಲೇಟಿನದು ಸಾಮಾನ್ಯವಾಗಿ 28, 30. ಅಂಥ ಮೆಷಿನ್ ತಂದರೆ ನಿಮ್ಮ ಪ್ಲೇಟು ಅದಕ್ಕೆ ಹೋಗುವುದೇ ಇಲ್ಲ.

ಮೂಡಿಗೆರೆ

ವರ್ಕ್‌ಶಾಪ್ ಅಣ್ಣ ಹೇಳಿದ್ದೆಲ್ಲ ಸರಿ. ನಾನು ತುಕ್ಕಿನ ಬಗ್ಗೆ ಹೇಳುತ್ತೇನೆ ಮಾರಾಯ್ರೆ. ನನ್ನದು ನಿಂತು ಮಾಡುವ ಸ್ಟ್ಯಾಕ್ ಮೆಷಿನ್, ಬೆಂಗಳೂರಿನಿಂದ ತಂದದ್ದು. ಅಲ್ಲಿ ನೋಡಿದಾಗ ಸ್ಟ್ಯಾಕ್ ಜಾರುವ ಕಂಬಿ ಕನ್ನಡಿ ಹಾಗೆ ಹೊಳೆಯುತ್ತಿತ್ತು. ನಮ್ಮಲ್ಲಿ ಜೂನ್, ಜುಲೈ ಎರಡು ತಿಂಗಳು ಬಟ್ಟೆಯೇ ಒಣಗುವುದಿಲ್ಲ, ಕಬ್ಬಿಣ ಬಿಡುತ್ತದಾ? ಆಗಸ್ಟಿನಲ್ಲಿ ಸ್ಟ್ಯಾಕ್ ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ ಸವರಿದೆ. ಧೂಳು ಕೂತು ಅಂಟಂಟಾಗಿ ಇನ್ನೂ ಕೆಟ್ಟಿತು. ಸೀಮೆಎಣ್ಣೆಯಲ್ಲಿ ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆದ ಮೇಲೆ ಸರಿಹೋಯಿತು. ಈಗ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಅದೇ ಕೆಲಸ. ಶೀಟಿನ ರೂಮು ಅಂದಿರಿ, ಶೀಟಿನಿಂದ ಬೆವರು ಹನಿ ಬೀಳುವ ಜಾಗದಲ್ಲಿ ಮಾತ್ರ ಇಡಬೇಡಿ.

ಎತ್ತರವನ್ನೂ ಅಳೆಯಿರಿ. ಮೆಷಿನ್ ಎತ್ತರ ಅಷ್ಟೇ ಅಲ್ಲ, ನಿಮ್ಮದೂ ಸೇರಿಸಿ. 5 ಅಡಿ 9 ಇಂಚಿನವನು 6 ಇಂಚಿನ ಮೆಟ್ಟಿಲ ಮೇಲೆ ನಿಂತು ಹಿಮ್ಮಡಿ ಎತ್ತಿದರೆ ತಲೆ ಆರೂವರೆ ಅಡಿ ಹತ್ತಿರ ಹೋಗುತ್ತದೆ. ಶೀಟು ಇಳಿಜಾರು ಇರುವ ಕಡೆ ಜೋಪಾನ.

ಅಂದಹಾಗೆ ಪಿಕಪ್‌ನವನಿಗೆ ಕಾಫ್ ಮೆಷಿನ್ ಅಂದಿದ್ದೆ. ಅವನು ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಅಂದುಕೊಂಡು ಸೀದಾ ಪಕ್ಕದ ತೋಟದ ಕಣಕ್ಕೆ ಇಳಿಸಿ ಹೋಗಿದ್ದ.

ಚನ್ನರಾಯಪಟ್ಟಣ

ಒಂದೇ ಮಾತು. ಕಣ್ಣಾರೆ ನೋಡದೆ ಅಡ್ವಾನ್ಸ್ ಕಳಿಸಬೇಡಿ. ಇನ್ನೊಬ್ಬರು ಬರುತ್ತಿದ್ದಾರೆ, 2 ಸಾವಿರ ಹಾಕಿದರೆ ನಿಮಗೇ ಇಡುತ್ತೇನೆ ಅಂದ ಒಬ್ಬ. ಹಾಕಿದೆ. ಫೋನ್ ಇವತ್ತಿಗೂ ಸ್ವಿಚ್ ಆಫ್.

ಬೇಲೂರು

ಪುಕ್ಕಟೆ ಬೇಕಾದರೆ ಶ್ರವಣಬೆಳಗೊಳಕ್ಕೆ ಹೋಗಿ ಗುರು. ವಿಂಧ್ಯಗಿರಿಗೆ ಬರಿಗಾಲಲ್ಲಿ ಆರುನೂರಕ್ಕೂ ಜಾಸ್ತಿ ಮೆಟ್ಟಿಲು. ಹತ್ತುವಾಗ ಏನೂ ಅನಿಸುವುದಿಲ್ಲ. ಇಳಿದು ಬಂದು ಎರಡನೇ ದಿನ ಕಾಲು ಊರಲು ಆಗುವುದಿಲ್ಲ.

ತಮಾಷೆ ಬಿಡಿ. ಮೆಷಿನ್ ಅಡಿಗೆ ಜಿಮ್ ಮ್ಯಾಟ್ ಅಂತ ದುಡ್ಡು ಸುರಿಯಬೇಡಿ. ಹಸುವಿನ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ಸಾಕು. ದನ ತುಳಿದರೂ ಹರಿಯುವುದಿಲ್ಲ, ಇನ್ನು ನೀವು ಯಾವ ಲೆಕ್ಕ? ರಬ್ಬರ್ ವಾಸನೆ ಮಾತ್ರ ಒಂದು ವಾರ ಬಿಸಿಲಿಗೆ ಹಾಕಿದರೆ ಹೋಗುತ್ತದೆ.

ಆಲ್ದೂರು

ಯಾರೂ ಹೇಳದ ಮಾತು ನಾನು ಹೇಳಲಾ? ಮೆಷಿನ್ನೇ ಬೇಡ. ತೋಟದಲ್ಲಿ ಬಿದ್ದಿದ್ದ ಹಲಸಿನ ದಿಮ್ಮಿಯಲ್ಲಿ ಐದು ಇಂಚು ಎತ್ತರದ ತುಂಡು ಕೊಯ್ಸಿಕೊಂಡೆ. ಅದರ ಅಂಚಿನಲ್ಲಿ ಒಂದು ಕಾಲಿನ ಮುಂಭಾಗ ಊರಿ ನಿಂತು, ಒಂದು ಕೈಯಲ್ಲಿ 20 ಕೆಜಿ ಡಂಬೆಲ್, ಇನ್ನೊಂದು ಕೈ ಗೋಡೆಗೆ. ಹಿಮ್ಮಡಿ ಪೂರ್ತಿ ಕೆಳಗೆ ಇಳಿಸಿ ಎರಡು ಎಣಿಸಿ, ಆಮೇಲೆ ಏಳಬೇಕು. ಮೂರು ತಿಂಗಳು ಇದನ್ನು ಮಾಡಿ, ಆಮೇಲೂ ಮೆಷಿನ್ ಬೇಕು ಅನಿಸಿದರೆ ತಗೊಳ್ಳಿ. ಆಗ ಅದು ಹಪ್ಪಳದ ಸ್ಟ್ಯಾಂಡ್ ಆಗುವುದಿಲ್ಲ.

ಕೇಳಿದವರು, ಚಿಕ್ಕಮಗಳೂರು

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಟೇಪು, ಟಾರ್ಚು, ಒಂದು ಪ್ಲೇಟು ಹಿಡಿದುಕೊಂಡು ಹೋಗಿ ಬಂದೆ. ಕೂತು ಮಾಡುವುದು 50 ಎಂಎಂ ತೂತಿನ ಪ್ಲೇಟಿಗೆ ಮಾಡಿದ್ದು, ನನ್ನ ಪ್ಲೇಟು ಅದಕ್ಕೆ ಹೋಗಲೇ ಇಲ್ಲ. ನಿಂತು ಮಾಡುವುದರ ಬೆಸುಗೆ ಚೆನ್ನಾಗಿದೆ, ಭುಜದ ಪ್ಯಾಡ್ ಆಡುವುದಿಲ್ಲ, ಸ್ಟ್ಯಾಕ್ ಮೇಲೆ ರಾಟೆ ಇಲ್ಲ. ಕೇಬಲ್ ಮಾತ್ರ ವರ್ಕ್‌ಶಾಪ್ ಅಣ್ಣ ಹೇಳಿದ ಜಾಗದಲ್ಲೇ, ಕ್ಲಾಂಪ್ ಹತ್ತಿರ, ಒಡೆದಿತ್ತು. ಅದನ್ನು ತೋರಿಸಿದೆ. ಓನರ್ ಸ್ವಲ್ಪ ಹೊತ್ತು ಸುಮ್ಮನಿದ್ದು 21 ಸಾವಿರಕ್ಕೆ ಇಳಿದರು. ಒಂದು ಜೊತೆ ಪಿನ್ನು ಹಾಗೇ ಕೊಟ್ಟರು.

ಮೆಷಿನ್ ಬಂದಿದೆ. ನಾಲ್ಕು ಜನ ಹಿಡಿದರೂ ಬಾಗಿಲು ದಾಟಿಸಲು ಆಗಲಿಲ್ಲ, ಸ್ಟ್ಯಾಕ್ ಬಿಚ್ಚಿ ಒಂದೊಂದೇ ಬಿಲ್ಲೆ ಒಳಗೆ ಹೊತ್ತೆವು. ಹೊಸ ಕೇಬಲ್ ಶನಿವಾರ ಬರುತ್ತದೆ. ಭುಜದ ಪ್ಯಾಡಿನ ರೆಕ್ಸಿನ್ ಹರಿದು ಸ್ಪಂಜು ಈಚೆ ಬಂದಿದೆ. ಚಿಕ್ಕಮಗಳೂರಿನಲ್ಲಿ ಆಟೋ ಸೀಟು ಹೊಲಿಯುವವರು ಯಾರಾದರೂ ಇಂಥ ಸಣ್ಣ ಕೆಲಸ ಒಪ್ಪಿಕೊಳ್ಳುತ್ತಾರಾ?